ಮೊಳಗದ ಗಂಟೆ: ಎಲ್ಲರೂ ಒಟ್ಟಿಗೆ ಎಲೆ ತಿರುಗಿಸಿ

"ಆ ಹಸು ಇಲ್ಲಿ ಕೊಡಿ," ಎಂದಳು ಡೋರೀನ್ ರಾಡ್ಕೆ.

ವೇಡ್ ಲಿಂಡ್‌ಕ್ವಿಸ್ಟ್ ಕೊಡಲಿಲ್ಲ. ಬಟ್ಟೆಯ ಹಸುವನ್ನು ಎದೆಗವಚಿಕೊಂಡು ಹಲ್ಲು ಕಿರಿದ.

"ಡೋರೀನ್, ನಮ್ಮಲ್ಲೊಂದು ಪದ್ಧತಿ ಇದೆ. ಬೆಳಗಿನ ಸಭೆಯಲ್ಲಿ ಹಸು ಯಾರ ಕೈಲಿರುತ್ತೋ ಅವರಷ್ಟೇ ಮಾತಾಡಬೇಕು. ಮಿಕ್ಕವರು ನಿಂತು ಕೇಳಬೇಕು. ನಿಮ್ಮ ಸರದಿ ಬಂದಾಗ ನಿಮಗೂ ಸಿಗುತ್ತೆ."

ಡೋರೀನ್ ಹಸುವಿನ ಕಿವಿ ಹಿಡಿದು ಎಳೆದಳು. ಹೊಲಿಗೆ ಪಟ್ಟೆಂದು ಬಿಟ್ಟು ಕಿವಿ ಅವಳ ಕೈಗೆ ಬಂತು. ಹಸು ವೇಡ್‌ನ ಬಳಿಯೇ ಉಳಿಯಿತು.

"ಕಿವಿ ನನ್ನ ಹತ್ರ ಇದೆ. ಈಗ ಮಾತಾಡಬಹುದಾ?"

ಯಾರೂ ನಗಲಿಲ್ಲ. ನಗುವ ದಿನವೂ ಅಲ್ಲ ಅದು. ಪೆಲ್ ಕ್ರೀಕ್ ಎಂಬ ಪುಟ್ಟ ಊರಿನಲ್ಲಿ ಹೇಝಲ್ ಬ್ರಸ್ಕಿ ಎಂಬ ಒಂಬತ್ತು ವರ್ಷದ ಹುಡುಗಿ ಉಸಿರು ಕಟ್ಟಿ ಸತ್ತು ತಿಂಗಳಾಗುತ್ತಾ ಬಂದಿತ್ತು. ತಾಯಿ ತುರ್ತು ಕರೆ ಮಾಡಿದ್ದಳು. ಆ ಕರೆ ಆಂಬುಲೆನ್ಸ್‌ಗೆ ತಲುಪದೆ ನಡುವೆ ಎಲ್ಲೋ ಸಿಕ್ಕಿಕೊಂಡಿತು. ಹಾಗೆ ಸಿಕ್ಕಿಕೊಂಡಾಗ ಕರೆ ಸ್ವೀಕರಿಸುವವರ ಕೋಣೆಯಲ್ಲಿ ಎಚ್ಚರಿಕೆಯ ಗಂಟೆ ಮೊಳಗಬೇಕು. ಮೊಳಗಲಿಲ್ಲ. ಎರಡು ಬೀದಿಯಾಚೆ ಆಂಬುಲೆನ್ಸ್ ಸುಮ್ಮನೆ ನಿಂತಿತ್ತು, ಚಾಲಕ ಡೋನಟ್ ತಿನ್ನುತ್ತಿದ್ದ. ಅವನದೇನೂ ತಪ್ಪಿಲ್ಲ. ಅವನಿಗೆ ಯಾರೂ ಹೇಳಲೇ ಇಲ್ಲ.

ಆ ಗಂಟೆಯ ತಂತ್ರಾಂಶ ಆರ್‌ಫೀಲ್ಡ್ ಸಂಸ್ಥೆಯದು. ಗಂಟೆಯನ್ನು ಕೆಡಿಸಿದ ಬದಲಾವಣೆ ಲಿಗಾಯಾ ಅಬುಯೆವಾ ಎಂಬ ಫಿಲಿಪೀನ್ಸಿನ ಹುಡುಗಿಯ ಹೆಸರಿನಲ್ಲಿತ್ತು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಆ ಹೆಸರು ವಕೀಲರ ಕೈ ಸೇರುತ್ತದೆ. ಅಲ್ಲಿಗೆ ಅವಳ ಕೆಲಸ ಹೋದಂತೆ, ಮರ್ಯಾದೆ ಹೋದಂತೆ, ಒಂದು ಮಗುವನ್ನು ಕೊಂದವಳೆಂಬ ಹೆಸರು ಹಣೆಗೆ ಅಂಟಿದಂತೆ.

"ನೀವು ಮೂವರು ಇರಿ. ಮಿಕ್ಕವರೆಲ್ಲ ಹೊರಗೆ," ಎಂದಳು ಡೋರೀನ್.

ಹೊರಗೆ ಹೋಗಲು ಜನ ಕಾಯುತ್ತಲೇ ಇದ್ದರು. ಕೈಯಲ್ಲಿ ಲ್ಯಾಪ್‌ಟಾಪು, ಕಾಫಿ ಹಿಡಿದು ತಲೆ ತಗ್ಗಿಸಿ ಸಾಲಾಗಿ ನಡೆದರು. ಕೋಣೆಯಲ್ಲಿ ಉಳಿದವರು ಮೂವರು. ಹಸುವಿನ ಒಡೆಯ ವೇಡ್, ಹೊಸ ಪದ್ಧತಿಯ ತರಬೇತುದಾರ. ಉಪಾಧ್ಯಕ್ಷ ಗ್ಯಾರೆಟ್ ಶ್ಲೂಟರ್, ಇಸ್ತ್ರಿ ಮುರಿಯದ ಅಂಗಿ, ಮುಖದಲ್ಲಿ ಸದಾ ಬೇರೆಲ್ಲಿಗೋ ಹೊತ್ತಾಯಿತೆಂಬ ಕಳೆ. ಮೂರನೆಯವನು ಜೆರೋಮ್ ಸ್ಟಾಲ್‌ವರ್ತ್, ಪರೀಕ್ಷಾ ವಿಭಾಗದ ಹಳೆಯ ಹುಲಿ, ಮಿಲ್ವಾಕಿಯ ಇದೇ ಕಟ್ಟಡದಲ್ಲಿ ಕೂದಲು ಬೆಳ್ಳಗಾದವನು. ಡೋರೀನ್‌ಳ ಎದುರುಮನೆಯವನು ಕೂಡ.

ಅವಳನ್ನು ಈ ಕೇಸಿಗೆ ಎಳೆದು ತಂದವನೇ ಜೆರೋಮ್. ಪೊಲೀಸ್ ಕೆಲಸ ಬಿಟ್ಟು ಟೊಮೆಟೊ ಗಿಡ ನೋಡಿಕೊಂಡಿದ್ದವಳ ಅಡುಗೆಮನೆಗೆ ಬಂದು ಕೂತು, ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, "ಆ ಹುಡುಗಿ ಮಾಡಿಲ್ಲ ಡೋರೀನ್. ನನಗೆ ಗೊತ್ತು. ಅವಳ ತಲೆ ಮೇಲೆ ಗೂಬೆ ಕೂರಿಸ್ತಿದ್ದಾರೆ. ನೀನು ಬರಲೇಬೇಕು," ಎಂದು ಅತ್ತಿದ್ದ. ಡೋರೀನ್ ಗಂಡ ಸತ್ತ ಮೇಲೆ ಪ್ರತಿ ಚಳಿಗಾಲ ಅವಳ ಬಾಗಿಲ ಹಿಮ ತೆಗೆಯುತ್ತಿದ್ದವನ ಮಾತು. ಇಲ್ಲ ಎನ್ನಲಾಗಲಿಲ್ಲ. ಆರ್‌ಫೀಲ್ಡ್‌ನ ಆಡಳಿತ ಮಂಡಳಿಯಲ್ಲಿ ಯಾರ ಯಾರನ್ನೋ ಹಿಡಿದು ಅವಳಿಗೆ ಒಳಗೆ ಬರಲು ಅಪ್ಪಣೆ ಕೊಡಿಸಿದವನೂ ಅವನೇ.

ಗೋಡೆಯ ಪರದೆಯ ಮೇಲೆ ಲಿಗಾಯಾಳ ಮುಖ ಮೂಡಿತು. ಇಲ್ಲಿ ಬೆಳಗಿನ ಕಾಫಿ, ಅಲ್ಲಿ ಸೆಬುವಿನಲ್ಲಿ ರಾತ್ರಿಯ ಪಾತ್ರೆ ತೊಳೆದಾದ ಹೊತ್ತು. ಅವಳ ಕಣ್ಣು ಊದಿಕೊಂಡಿತ್ತು.

"ಒಂದು ಪ್ರಶ್ನೆ," ಎಂದಳು ಡೋರೀನ್. "ಈ ಬೆಳಗಿನ ಸಭೆ ಯಾವಾಗಲೂ ನಿಮ್ಮ ಬೆಳಿಗ್ಗೆಗೇ ಯಾಕಿರುತ್ತೆ? ಒಂದು ದಿನನಾದ್ರೂ ಅವರ ಬೆಳಿಗ್ಗೆಗೆ ನೀವು ರಾತ್ರಿ ಎದ್ದು ಕೂತಿದ್ದೀರಾ?"

"ಪ್ರಧಾನ ಕಚೇರಿ ಇಲ್ಲಿದೆ," ಎಂದ ಶ್ಲೂಟರ್, ಅಷ್ಟೂ ಗೊತ್ತಿಲ್ಲವೇ ಎನ್ನುವಂತೆ.

"ಸತ್ತ ಹುಡುಗಿಯ ಪ್ರಧಾನ ಕಚೇರಿ ಈಗ ಎಲ್ಲಿದೆ ಅಂತ ಗೊತ್ತಾ?"

ಶ್ಲೂಟರ್‌ನ ಕಿವಿ ಕೆಂಪಾಯಿತು. ವೇಡ್ ಕೈ ಎತ್ತಿ ನಡುವೆ ಬಂದ.

"ಸಮಾಧಾನ, ಸಮಾಧಾನ. ಇಲ್ಲಿ ನಾವು ಯಾರ ಮೇಲೂ ತಪ್ಪು ಹೊರಿಸಲ್ಲ. ಅದು ನಮ್ಮ ಮೊದಲ ನಿಯಮ." ಅವನು ಗೋಡೆಯತ್ತ ಬೆರಳು ತೋರಿದ. ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ತಪ್ಪು ವ್ಯಕ್ತಿಯದಲ್ಲ, ವ್ಯವಸ್ಥೆಯದು.

ಡೋರೀನ್‌ಗೆ ಸಿಟ್ಟು ನೆತ್ತಿಗೇರಿತು. ಬಂದ ದಿನದಿಂದ ಈ ಫಲಕ ನೋಡಿ ಅವಳ ಮೈ ಉರಿಯುತ್ತಿತ್ತು.

"ಹಾಗಿದ್ರೆ ವಕೀಲರಿಗೆ ವ್ಯವಸ್ಥೆಯ ಹೆಸರು ಕಳಿಸಿ! ಈ ಹುಡುಗಿಯ ಹೆಸರು ಯಾಕೆ ಕಳಿಸ್ತೀರಿ? ನಿಮ್ಮ ತಲೆಗೆ ಬಂದಾಗ ವ್ಯವಸ್ಥೆ, ಸಮುದ್ರದಾಚೆಯವಳ ತಲೆಗೆ ಬಂದಾಗ ವ್ಯಕ್ತಿ. ನಾಚಿಕೆ ಆಗಲ್ವಾ ನಿಮಗೆ?"

ವೇಡ್ ಹಸುವನ್ನು ಮೇಜಿನ ಮೇಲಿಟ್ಟ.

ಎರಡು ವರ್ಷದ ಹಿಂದೆ ಆರ್‌ಫೀಲ್ಡ್‌ಗೆ ಅಜೈಲ್ ಎಂಬ ಈ ಹೊಸ ಪದ್ಧತಿ ಬಂದಿತ್ತು. ವರ್ಷಗಟ್ಟಲೆ ಎಳೆಯುತ್ತಿದ್ದ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಎರಡೆರಡು ವಾರಕ್ಕೆ ಮುಗಿಸಿ ಕೈಗಿಡುವುದು, ದಿನಾ ಬೆಳಿಗ್ಗೆ ನಿಂತು ಕಷ್ಟಸುಖ ಹೇಳಿಕೊಳ್ಳುವುದು, ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರ ಮಾತೂ ಕೇಳುವುದು. ಪದ್ಧತಿ ಕೆಟ್ಟದ್ದೇನಲ್ಲ. ಆದರೆ ಶ್ಲೂಟರ್ ಅದಕ್ಕೊಂದು ಪರದೆ ಜೋಡಿಸಿದ. ಮಿಲ್ವಾಕಿ, ಸೆಬು, ಗ್ದಾನ್ಸ್ಕ್, ರೆಸೀಫೆ, ನಾಲ್ಕು ಊರಿನ ಕಚೇರಿಗೆ ನಾಲ್ಕು ಕಂಬ. ಎರಡು ವಾರದ ಕೆಲಸ ಮುಗಿಸಿದವರದು ಹಸಿರು, ಮುಗಿಸದವರದು ಕೆಂಪು. ಮಿಲ್ವಾಕಿಯ ಕಂಬ ಒಮ್ಮೆಯೂ ಕೆಂಪಾಗಿಲ್ಲವೆಂದು ಅವನು ದೇಶವೆಲ್ಲ ಭಾಷಣ ಮಾಡಿಕೊಂಡು ಬಂದಿದ್ದ.

ಗಂಟೆಯ ಪರೀಕ್ಷೆ ಆ ವಾರ ಕೆಂಪು ತೋರಿಸುತ್ತಿತ್ತು. ಸುಮ್ಮಸುಮ್ಮನೆ ಮೊಳಗುತ್ತಿತ್ತಂತೆ. ಶುಕ್ರವಾರ ಸಂಜೆ ಇದ್ದಕ್ಕಿದ್ದಂತೆ ಹಸಿರಾಯಿತು. ಭಾನುವಾರ ಹೇಝಲ್ ಸತ್ತಳು.

"ಲಿಗಾಯಾ," ಎಂದು ಡೋರೀನ್ ಪರದೆಗೆ ತಿರುಗಿದಳು. ದನಿ ತಗ್ಗಿತ್ತು. "ನಿಮ್ಮಲ್ಲಿ ಹೇಗೆ ಕೆಲಸ ಮಾಡ್ತೀರಿ, ಇವರಿಗೆ ಸ್ವಲ್ಪ ಹೇಳು."

"ಇಬ್ಬಿಬ್ಬರು, ಮೇಡಂ ಡೋರೀನ್. ಒಂದೇ ಕಂಪ್ಯೂಟರ್ ಮುಂದೆ ಇಬ್ಬರು ಕೂತ್ಕೋತೀವಿ. ಒಬ್ಬರು ಬರೀತಾರೆ, ಇನ್ನೊಬ್ಬರು ನೋಡ್ತಾ ತಪ್ಪು ಹಿಡೀತಾರೆ. ಮುಗಿದ ಮೇಲೆ ಕೆಳಗೆ ಇಬ್ಬರ ಹೆಸರೂ ಹಾಕ್ತೀವಿ. ಸರ್ ವೇಡ್ ಇಲ್ಲಿಗೆ ಬಂದಾಗ ಕಲಿಸಿದ್ದು."

"ಒಬ್ಬಳೇ ಯಾವತ್ತಾದ್ರೂ ಕೂತಿದ್ದೀಯಾ?"

"ಇಲ್ಲ ಮೇಡಂ. ನನ್ನ ಜೊತೆಗಾತಿ ಹೆರಿಗೆಗೆ ಹೋದಾಗ ಬೇರೆಯವರ ಪಕ್ಕ ಕೂತೆ. ಒಬ್ಬಳೇ ಕೂತಿದ್ದಿಲ್ಲ."

ಡೋರೀನ್ ವೇಡ್‌ನತ್ತ ನೋಡಿದಳು. ವೇಡ್ ಕತ್ತು ತುರಿಸಿಕೊಂಡ.

"ಕಲಿಸಿದ್ದು ಹೌದು. ಇಷ್ಟು ನಿಷ್ಠೆಯಿಂದ ಪಾಲಿಸ್ತಾರೆ ಅಂತ..."

"ಅಂದ್ಕೊಂಡಿರಲಿಲ್ಲ. ನೀವು ಹೇಳಿದ್ದನ್ನ ನಿಮಗಿಂತ ಜಾಸ್ತಿ ಅವರು ನಂಬಿಬಿಟ್ರು, ಪಾಪ. ಇಲ್ಲಿ ಯಾರು ಜೋಡಿಯಾಗಿ ಕೂರ್ತಾರೆ?"

ಉತ್ತರ ಬಂದದ್ದು ಜೆರೋಮ್‌ನಿಂದ. "ಶುರುವಿನಲ್ಲಿ ಸ್ವಲ್ಪ ದಿನ ಕೂತ್ವಿ. ಆಮೇಲೆ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಗೋಡೆ ಕಡೆ ತಿರುಗಿದ್ವಿ."

"ಗಂಟೆ ಕೆಡಿಸಿದ ಬದಲಾವಣೆಯ ಕೆಳಗೆ ಇರೋದು ಒಂದೇ ಹೆಸರು," ಎಂದಳು ಡೋರೀನ್. "ಒಂಟಿ ಹೆಸರು. ಸೆಬುವಿನವರು ಹಾಗೆ ಬರೆಯಲ್ಲ. ಅವಳ ಪಾಸ್‌ವರ್ಡ್ ಹಾಕ್ಕೊಂಡು ಒಳಗೆ ಹೋದವರಿಗೆ ಎರಡನೇ ಹೆಸರು ಹಾಕಬೇಕು ಅನ್ನೋದು ತಲೆಗೇ ಬರಲಿಲ್ಲ. ಯಾಕಂದ್ರೆ ಅವರು ಇರೋ ಕಡೆ ಯಾರೂ ಹಾಕಲ್ಲ. ಈ ಕೆಲಸ ಆಗಿದ್ದು ಈ ಕಟ್ಟಡದಲ್ಲಿ."

ಶ್ಲೂಟರ್ ನಕ್ಕ. ಒಣ ನಗು.

"ನೋಡಿ ಮೇಡಂ. ಕದ್ದು ಕೆಲಸ ಮಾಡೋಳು ಪಕ್ಕದಲ್ಲಿ ಜೊತೆಗಾತಿಯನ್ನ ಕೂರಿಸ್ಕೊಂಡು ಮಾಡ್ತಾಳಾ? ಒಬ್ಬಳೇ ಮಾಡಿದ್ದಕ್ಕೆ ಒಂದು ಹೆಸರು ಇದೆ. ಇಷ್ಟೇ. ಇನ್ನು ಪಾಸ್‌ವರ್ಡ್ ಬೇರೆಯವರಿಗೆ ಹೇಗೆ ಸಿಗುತ್ತೆ? ಅವಳನ್ನೇ ಕೇಳಿ."

ಕೇಳಿದ್ದಳು ಡೋರೀನ್. ಈ ವಾರದಲ್ಲಿ ಎಷ್ಟು ಸಲವೋ. ಪ್ರತಿ ಸಲವೂ ಆ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈಗಲೂ ಪರದೆಯಲ್ಲಿ ಅವಳ ಕಣ್ಣು ಕೆಳಗಿಳಿಯಿತು.

"ಹೇಳು ಲಿಗಾಯಾ. ಇದು ಕೊನೇ ಸಲ. ಯಾರ ಹತ್ರ ಇತ್ತು?"

"ನಮ್ಮ ರಾತ್ರಿ ನಿಮಗೆ ಹಗಲು, ಮೇಡಂ," ಎಂದಳು ಅವಳು ನಿಧಾನವಾಗಿ. "ನಾವು ಮಲಗಿದಾಗ ಇಲ್ಲಿಂದ ಒಪ್ಪಿಗೆ ಬೇಕು ಅಂತ ಕೆಲಸ ನಿಂತ್ಕೊಳ್ಳುತ್ತೆ. ನಿಂತರೆ ನಮ್ಮ ಕಂಬ ಕೆಂಪಾಗುತ್ತೆ. ಅದಕ್ಕೆ ನಾವೆಲ್ಲ ಪಾಸ್‌ವರ್ಡನ್ನ ಅಲ್ಲಿ ಒಬ್ಬರ ಹತ್ರ ಬಿಟ್ಟಿದ್ವಿ. ನಮ್ಮ ಪರವಾಗಿ ಒಪ್ಪಿಗೆ ಒತ್ತೋದಕ್ಕೆ. ನಿಯಮಕ್ಕೆ ವಿರುದ್ಧ, ಗೊತ್ತು. ಹೆಸರು ಹೇಳಿದ್ರೆ ನನ್ನ ಇಡೀ ತಂಡ ಮನೆಗೆ ಹೋಗುತ್ತೆ. ಮತ್ತೆ ಅವರು... ಅವರು ನಮಗೆ ಒಳ್ಳೇದನ್ನೇ ಮಾಡಿದವರು. ಅವರು ಮಾಡಿರಲ್ಲ."

"ಅವರು ಮಾಡಿರಲ್ಲ, ನೀನೂ ಮಾಡಿಲ್ಲ! ಮತ್ತೆ ಯಾರು, ಈ ಹಸು ಮಾಡ್ತಾ?" ಡೋರೀನ್ ಮೇಜಿಗೆ ಗುದ್ದಿದಳು. ಕಾಫಿ ಲೋಟಗಳು ಕುಣಿದವು. "ನಿನ್ನ ಕುತ್ತಿಗೆಗೆ ಬಂದಿದೆ ಕಣೇ, ಇನ್ನೂ ಬೇರೆಯವರ ಮರ್ಯಾದೆ ಕಾಯ್ತಾ ಕೂತಿದ್ದೀಯ!"

ಲಿಗಾಯಾ ಅಳುತ್ತಾ ತಲೆಯಾಡಿಸಿದಳು. ಡೋರೀನ್‌ಗೆ ಕೋಪದ ಜೊತೆಗೆ ಕರುಳು ಚುರುಕ್ ಎಂದಿತು. ತನ್ನ ತಂಡಕ್ಕಾಗಿ ಬಾಯಿ ಮುಚ್ಚಿಕೊಂಡು ಬಲಿಯಾಗುವವಳನ್ನು ಬಯ್ಯುವುದಾದರೂ ಹೇಗೆ?

"ಸಾಕು ಬಿಡು, ಪೊಲೀಸಮ್ಮ," ಎಂದ ಜೆರೋಮ್ ಮೆತ್ತಗೆ. "ಹುಡುಗಿಯನ್ನ ಹಿಂಡಬೇಡ."

ಒಳ್ಳೆಯದನ್ನೇ ಮಾಡಿದವರು. ಡೋರೀನ್ ಲೆಕ್ಕ ಹಾಕಿದಳು. ಸೆಬುವಿಗೆ ಹೋಗಿ ಬಂದವನು ವೇಡ್. ಅಲ್ಲಿಯವರಿಗೆ ಟೋಪಿ, ಅಂಗಿ, ಚೀಸ್ ಹಂಚಿ ಬೆನ್ನು ತಟ್ಟಿದವನು ವೇಡ್. ಆದರೆ ಹಸಿರಿಗಾಗಿ ಹಸಿದವನು ಶ್ಲೂಟರ್. ವೇಡ್ ಕೈಯಿಂದ ಶ್ಲೂಟರ್ ಮಾಡಿಸಿದನೇ? ಅವಳಿಗೆ ಶ್ಲೂಟರ್‌ನ ಮೇಲೇ ಅನುಮಾನ. ಮೊದಲ ದಿನದಿಂದಲೂ.

ಅವಳ ಬಳಿ ಇನ್ನೊಂದು ಸಂಗತಿ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಜೆರೋಮ್‌ಗೂ ಇಲ್ಲ.

ಹುಡುಗಿ ಸತ್ತ ಮರುದಿನವೇ ವಕೀಲರು ಆ ತಂತ್ರಾಂಶಕ್ಕೆ ಬೀಗ ಹಾಕಿದ್ದರು. ಕಟ್ಟಡದಲ್ಲಿ ಯಾರೂ ಅದನ್ನು ತೆರೆದು ನೋಡುವಂತಿರಲಿಲ್ಲ. ಸೆಬುವಿನವರು ಗಂಟೆಯ ಭಾಗವನ್ನು ಎಲ್ಲೋ ಗೋಜಲು ಮಾಡಿಟ್ಟಿದ್ದಾರೆ, ಬಿಡಿಸಲು ತಿಂಗಳೇ ಬೇಕು ಎಂಬ ಸುದ್ದಿ ಊಟದ ಮೇಜುಗಳಲ್ಲಿ ಹಬ್ಬಿ, ಎಲ್ಲರೂ ಅದನ್ನೇ ನಂಬಿದ್ದರು. ನಿನ್ನೆ ಸಂಜೆ, ಹೊರಗಿನ ಪರಿಣತೆಯೊಬ್ಬಳು ಮಂಡಳಿಯ ಅಪ್ಪಣೆ ಪಡೆದು ತೆರೆದು ನೋಡಿ, ಡೋರೀನ್‌ಗೆ ಫೋನ್ ಮಾಡಿದ್ದಳು. ಗೋಜಲು ಎಂಥದ್ದೂ ಇಲ್ಲ. ಗಂಟೆ ಮೊಳಗಲಿ ಎಂದು ಇದ್ದ ಕಡೆ ಬೇಡ ಎಂದು ಬದಲಾಯಿಸಿದ್ದಾರೆ. ಒಂದೇ ಪದ.

ಹಾಗಾದರೆ ಅದು ಗೊತ್ತಿರುವುದು ಮೂವರಿಗೆ. ಆ ಪರಿಣತೆ, ಡೋರೀನ್, ಮಾಡಿದವರು.

ಡೋರೀನ್ ಚೀಲದಿಂದ ಇಸ್ಪೀಟಿನಂಥ ಎಲೆಗಳ ಮೂರು ಕಟ್ಟು ತೆಗೆದು ಮೇಜಿನ ಮೇಲೆ ಎಸೆದಳು. ವೇಡ್‌ನ ಕಪಾಟಿನಿಂದ ಅವಳೇ ತಂದದ್ದು, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಎಲ್ಲರ ಕಣ್ಣೆದುರೇ ಒಂದೊಂದನ್ನೂ ಉಗುರಿನಿಂದ ಹರಿದಳು.

"ಈ ಆಟ ನಿಮ್ಮದೇ. ನನಗೆ ಬಂದ ದಿನವೇ ಕಲಿಸಿದ್ರಿ. ಒಂದು ಕೆಲಸ ಎಷ್ಟು ಕಷ್ಟ ಅಂತ ಬಾಯಲ್ಲಿ ಹೇಳೋ ಹಾಗಿಲ್ಲ. ಎಲ್ಲರೂ ಒಂದೊಂದು ಎಲೆ ಮುಚ್ಚಿ ಇಡಬೇಕು. ಸುಲಭ ಇದ್ರೆ ಒಂದು, ಎರಡು. ಕಷ್ಟ ಇದ್ದಷ್ಟೂ ದೊಡ್ಡ ಅಂಕಿ: ಮೂರು, ಐದು, ಎಂಟು, ಹದಿಮೂರು, ಕೊನೆಗೆ ಇಪ್ಪತ್ತು. ಆಮೇಲೆ ಒಟ್ಟಿಗೆ ತಿರುಗಿಸಬೇಕು. ಯಾಕೆ ವೇಡ್, ಒಟ್ಟಿಗೆ ಯಾಕೆ?"

"ದೊಡ್ಡವರ ಅಂಕಿ ನೋಡಿ ಚಿಕ್ಕವರು ತಾಳ ಹಾಕಬಾರದು ಅಂತ," ಎಂದ ವೇಡ್. ಅವನ ದನಿಯಲ್ಲಿ ಪಾಠ ಒಪ್ಪಿಸುವ ಹುರುಪು ಮರಳಿತ್ತು.

"ಸರಿ. ನನ್ನ ಪ್ರಶ್ನೆ ಇದು. ಪೆಲ್ ಕ್ರೀಕ್‌ನ ಗಂಟೆ ಇವತ್ತು ಮತ್ತೆ ಮೊಳಗಬೇಕು. ಆ ಕೆಲಸ ಎಷ್ಟು ದೊಡ್ಡದು? ಎಲೆ ತೆಗೀರಿ. ಲಿಗಾಯಾ, ನಿನ್ನ ಹತ್ರನೂ ಒಂದು ಕಟ್ಟು ಇದೆಯಲ್ಲ, ನೀನೂ ತೆಗಿ."

ಡೋರೀನ್ ಮೂವರ ಕೈಗಳನ್ನೇ ನೋಡಿದಳು. ಸಾವಿರ ಸಲ ಆಡಿದ ಆಟ ಇವರದು. ತಲೆ ಯೋಚಿಸುವ ಮುಂಚೆ ಕೈ ಎಲೆ ಹುಡುಕಿರುತ್ತದೆ. ಅದನ್ನೇ ನೆಚ್ಚಿದ್ದಳು ಅವಳು. ವೇಡ್ ಎಲೆಗಳನ್ನು ಬೀಸಣಿಗೆಯಂತೆ ಹರಡಿ ಒಂದನ್ನು ಎಳೆದ. ಜೆರೋಮ್ ತಲೆ ಎತ್ತದೆಯೇ ಒಂದನ್ನು ತೆಗೆದು ಮುಚ್ಚಿಟ್ಟ. ಲಿಗಾಯಾ ಕಣ್ಣೊರೆಸಿಕೊಂಡು ತನ್ನದನ್ನು ಎದೆಗೆ ಹಿಡಿದಳು.

ಶ್ಲೂಟರ್ ಮಾತ್ರ ಕಟ್ಟನ್ನು ಮುಟ್ಟಲಿಲ್ಲ.

"ಇದೇನು ಹುಡುಗಾಟ! ನಾನು ಉಪಾಧ್ಯಕ್ಷ. ಮಂಡಳಿ ನನ್ನ ವರದಿಗೆ ಕಾಯ್ತಿದೆ. ನೀವು ಇಲ್ಲಿ ಎಲೆ ಆಡಿಸ್ತಿದ್ದೀರಿ!"

"ಎಲೆ ಮುಟ್ಟೋಕೆ ಭಯ ಯಾಕೆ?"

"ಭಯ? ನನಗೆ? ನಿಮ್ಮಂಥ ನಿವೃತ್ತ ಪೇದೆಗಳನ್ನ ನಾನು..."

"ಪೇದೆ ಅಲ್ಲ, ಇನ್‌ಸ್ಪೆಕ್ಟರ್. ಕೊಲೆಗಾರರನ್ನೇ ನೋಡಿ ಬಂದವಳು ನಾನು. ಅವರು ನಿಮಗಿಂತ ವಾಸಿ, ಕೈಯಲ್ಲಿ ರಕ್ತ ಇದ್ರೆ ಬಚ್ಚಿಟ್ಕೊಳ್ತಿದ್ರು. ನೀವು ಅದಕ್ಕೆ ಹಸಿರು ಬಣ್ಣ ಹಚ್ಚಿ ಗೋಡೆಗೆ ತೂಗಿಹಾಕಿದ್ದೀರಿ! ಕಂಬ ಹಸಿರಿರಲಿ ಅಂತ ಒಂದು ಮಗುವಿನ ಉಸಿರು ನಿಲ್ಲಿಸಿದವರು ಈ ಕೋಣೆಯಲ್ಲಿ ನಿಂತು ಕಾಫಿ ಕುಡೀತಿದ್ದಾರೆ. ಅದು ನೀವಲ್ಲ ಅಂದ್ರೆ ಎಲೆ ಇಡಿ. ನೀವೇ ಅಂದ್ರೆ ಹೊರಗೆ ನಡೀರಿ, ನನಗೆ ಅಷ್ಟು ಸಾಕು!"

ಶ್ಲೂಟರ್ ಎದ್ದು ನಿಂತ. ಡೋರೀನ್ ಬಾಗಿಲಿಗೆ ಅಡ್ಡ ನಿಂತಳು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಕೂಗಾಡಿದರು. ವೇಡ್ ನಡುವೆ ಬಂದು "ದಯವಿಟ್ಟು, ದಯವಿಟ್ಟು" ಎಂದು ಎರಡೂ ಕೈ ಚಾಚಿದ. ಜೆರೋಮ್ ತನ್ನ ಕಾಗದದ ಕಾಫಿ ಲೋಟ ಚೆಲ್ಲದಂತೆ ಪಕ್ಕಕ್ಕೆ ಸರಿಸಿಕೊಂಡು, "ಬೇಗ ಮುಗಿಸಿ ಮಾರಾಯರೇ, ಹುಡುಗಿ ಪರದೆ ಮೇಲೆ ಕಾಯ್ತಿದ್ದಾಳೆ," ಎಂದ.

ಕೊನೆಗೆ ಶ್ಲೂಟರ್ ಕಟ್ಟನ್ನು ಕಿತ್ತುಕೊಂಡು, ಸರಕ್ಕನೆ ಒಂದು ಎಲೆ ಎಳೆದು ಮೇಜಿಗೆ ಕುಕ್ಕಿದ.

"ಎಲ್ಲರೂ ಒಟ್ಟಿಗೆ," ಎಂದಳು ಡೋರೀನ್. "ತಿರುಗಿಸಿ."

ಶ್ಲೂಟರ್ ಇಪ್ಪತ್ತು.

ವೇಡ್ ಹದಿಮೂರು.

ಜೆರೋಮ್ ಹದಿಮೂರು.

ಲಿಗಾಯಾ ಎಂಟು.

ಡೋರೀನ್ ಮತ್ತೆ ನೋಡಿದಳು. ಬಗ್ಗಿ ನೋಡಿದಳು. ಒಂದು ಎಲ್ಲಿ? ಒಂದು ಇರಲೇಬೇಕಿತ್ತು.

"ಆಯ್ತಾ?" ಎಂದ ಶ್ಲೂಟರ್. "ಇದರಿಂದ ಏನು ಗೊತ್ತಾಯ್ತು, ಸ್ವಲ್ಪ ನಮಗೂ ಹೇಳಿ."

ಹೇಳಬಾರದಿತ್ತು. ಆದರೆ ಕೋಪ ಅವಳ ನಾಲಿಗೆಯನ್ನು ಎಳೆದು ಹೊರಗೆ ತಂದಿತು.

"ಗಂಟೆ ನಿಂತಿದ್ದು ಒಂದೇ ಪದದಿಂದ. ಗೋಜಲೂ ಇಲ್ಲ, ಗಂಟೂ ಇಲ್ಲ. ಒಂದು ಪದ ತಿದ್ದಿದ್ರೆ ಮೊಳಗುತ್ತೆ. ಅದು ಮಾಡಿದವರಿಗೆ ಮಾತ್ರ ಗೊತ್ತು. ಮಾಡಿದವರು ಒಂದು ತೋರಿಸಬೇಕಿತ್ತು. ಲಿಗಾಯಾ ಎಂಟು ತೋರಿಸಿದ್ಲು. ಅವಳಿಗೆ ಗೊತ್ತೇ ಇಲ್ಲ!"

"ಯಾರೂ ಒಂದು ತೋರಿಸಲಿಲ್ಲವಲ್ಲ," ಎಂದ ಶ್ಲೂಟರ್. ಈಗ ಅವನ ನಗು ಒಣಗಿರಲಿಲ್ಲ, ಚೆನ್ನಾಗಿ ಎಣ್ಣೆ ಹಚ್ಚಿದಂತಿತ್ತು. "ಅಂದ್ರೆ ನಮಗೆ ಮೂವರಿಗೂ ಗೊತ್ತಿರಲಿಲ್ಲ. ಲಿಗಾಯಾ ಜಾಣೆ, ಬೇಕಂತಲೇ ಎಂಟು ತೋರಿಸಿದ್ಲು. ನಿಮ್ಮ ಆಟ ನಿಮ್ಮ ಮುಖಕ್ಕೇ ಮಂಗಳಾರತಿ ಎತ್ತಿತು, ಮೇಡಂ."

ಅಷ್ಟು ವರ್ಷದ ಪೊಲೀಸ್ ಕೆಲಸದಲ್ಲಿ ಡೋರೀನ್‌ಗೆ ಇಷ್ಟು ಅವಮಾನ ಆದದ್ದಿಲ್ಲ. ಅವಮಾನ ಹಾಳಾಗಲಿ, ಆ ಹುಡುಗಿಯ ಗತಿ?

"ವಕೀಲರಿಗೆ ಹನ್ನೆರಡಕ್ಕೆ ಹೋಗುತ್ತೆ," ಎಂದು ಶ್ಲೂಟರ್ ಪರದೆಯತ್ತ ತಿರುಗಿದ. "ಅಬುಯೆವಾ ಅವರೇ, ನಿಮ್ಮ ಕೆಲಸ ಇಲ್ಲಿಗೆ ಮುಗೀತು. ಲ್ಯಾಪ್‌ಟಾಪನ್ನ ಅಲ್ಲಿನ ಕಚೇರಿಗೆ ಒಪ್ಪಿಸಿಬಿಡಿ."

"ಸರ್," ಎಂದಳು ಲಿಗಾಯಾ. "ಆ ಮಗುವಿನ ಅಮ್ಮನಿಗೆ ಏನು ಹೇಳ್ತೀರಿ? ನಾನು ಅಂತಲೇ ಹೇಳ್ತೀರಾ?"

ಶ್ಲೂಟರ್ ಸಂಪರ್ಕ ಕಡಿದ. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ನಾಲ್ವರ ನೆರಳು ಮಾತ್ರ ಕಂಡಿತು.

"ನೀಚ!" ಎಂದಳು ಡೋರೀನ್. ಜೋರಾಗಿಯೇ ಎಂದಳು.

ಶ್ಲೂಟರ್ ಭುಜ ಕುಣಿಸಿ ಹೊರಟುಹೋದ. ವೇಡ್ ಒಂಟಿ ಕಿವಿಯ ಹಸುವನ್ನು ಎತ್ತಿಕೊಂಡು ಅವನ ಹಿಂದೆ ನಡೆದ.

ಜೆರೋಮ್ ಅವಳ ಭುಜದ ಮೇಲೆ ಕೈಯಿಟ್ಟ. "ನಿನ್ನ ಕೈಲಾದದ್ದು ಮಾಡಿದೆ ಡೋರೀನ್. ನಿನ್ನ ಕೋಟು ತರ್ತೀನಿ ಇರು. ಕಾರು ಬಿಸಿಮಾಡಿ ಮನೆಗೆ ಬಿಡ್ತೀನಿ." ಕಾಫಿ ಲೋಟ ಹಿಡಿದುಕೊಂಡು ಹೊರಗೆ ಹೋದ.

ಅವಳು ಕುರ್ಚಿಯಲ್ಲಿ ಕುಸಿದಳು. ಕಿಟಕಿಯಾಚೆ ನದಿ ಹೆಪ್ಪುಗಟ್ಟಿತ್ತು. ಆಚೆ ದಡದಲ್ಲಿ ಯಾರೋ ಮೋಟಾರಿನ ಯಂತ್ರ ತಳ್ಳುತ್ತಾ ಹಿಮ ಹಾರಿಸುತ್ತಿದ್ದರು. ಕೈ ಸುಮ್ಮನಿರಲಾರದೆ ಎಲೆಗಳನ್ನು ಬಾಚಿಕೊಂಡಿತು. ಬಿಟ್ಟುಹೋದವರ ಕಸ ಎತ್ತುವುದೊಂದೇ ಈಗ ಉಳಿದ ಕೆಲಸ ಎಂದುಕೊಂಡು, ಮೂರೂ ಕಟ್ಟುಗಳನ್ನು ಬೇರೆ ಬೇರೆಯಾಗಿ ಅಂಕಿಯ ಪ್ರಕಾರ ಜೋಡಿಸತೊಡಗಿದಳು.

ಶ್ಲೂಟರ್‌ನದು ಸರಿಯಾಗಿತ್ತು. ಒಂದರಿಂದ ಇಪ್ಪತ್ತರವರೆಗೆ ಏಳೂ ಅಂಕಿ, ಕೊನೆಗೆ ಬಿಡುವು ಬೇಕೆಂದು ತೋರಿಸುವ ಕಾಫಿ ಲೋಟದ ಚಿತ್ರದ ಎಲೆ. ಅವನ ಒಂದು ಅಲ್ಲೇ ಇತ್ತು. ಆ ಅಯೋಗ್ಯ ನಿಜವಾಗಿಯೂ ಏನೂ ಅರಿಯದವನು. ಅವಳಿಗೆ ಅದೂ ಸಿಟ್ಟು ತರಿಸಿತು.

ವೇಡ್‌ನದೂ ಸರಿಯಾಗಿತ್ತು.

ಮೂರನೆಯದನ್ನು ಜೋಡಿಸಿದಳು. ಇಪ್ಪತ್ತು. ಹದಿಮೂರು. ಎಂಟು. ಐದು. ಮೂರು. ಎರಡು. ಕಾಫಿ ಲೋಟದ ಚಿತ್ರ.

ಮತ್ತೆ ಎಣಿಸಿದಳು. ಖಾಲಿ ಪೆಟ್ಟಿಗೆಯನ್ನು ಅಲ್ಲಾಡಿಸಿದಳು. ಮೇಜಿನ ಕೆಳಗೆ ಮಂಡಿಯೂರಿ ಹುಡುಕಿದಳು. ಕುರ್ಚಿ ಸರಿಸಿದಳು. ಪ್ಲಾಸ್ಟಿಕ್ ಹರಿದದ್ದು ಅವಳದೇ ಉಗುರು, ಆಗ ಕಟ್ಟು ಪೂರ್ತಿಯಿತ್ತು. ಈಗ ಒಂದು ಅಂಕಿಯ ಎಲೆ ಇಲ್ಲ.

ತಲೆ ಎತ್ತದೆ ಜೆರೋಮ್ ತೆಗೆದು ಮುಚ್ಚಿಟ್ಟ ಎಲೆ. ಕೈ ಸತ್ಯ ಹೇಳಿತ್ತು. ಆಮೇಲೆ ಅವಳು ಶ್ಲೂಟರ್‌ನ ಮೇಲೆ ಕೂಗಾಡುತ್ತಿದ್ದಾಗ, ಎಲ್ಲರ ಕಣ್ಣೂ ಬಾಗಿಲಲ್ಲಿದ್ದಾಗ, ತಲೆ ಆ ಸತ್ಯವನ್ನು ಎತ್ತಿ ಬೇರೆ ಅಂಕಿ ಇಟ್ಟಿತ್ತು. ಎತ್ತಿದ ಎಲೆಯನ್ನು ಕಟ್ಟಿಗೆ ಮರಳಿಸಲು ಮಾತ್ರ ಹೊತ್ತು ಸಿಕ್ಕಿರಲಿಲ್ಲ. ಎಲ್ಲರೂ ಒಟ್ಟಿಗೆ ತಿರುಗಿಸಬೇಕೆಂಬ ನಿಯಮ ಮುರಿಯಲಿಲ್ಲ. ಅದಕ್ಕೆ ಮುಂಚೆ ಹೊತ್ತು ಕೊಟ್ಟವಳು ಅವಳೇ, ತನ್ನ ಹಾಳು ಕೋಪದಿಂದ.

ಅಡುಗೆಮನೆ ನೆನಪಾಯಿತು. ಕೈಯಲ್ಲಿ ಹಿಂಡುತ್ತಿದ್ದ ಟೋಪಿ. ಆ ಹುಡುಗಿ ಮಾಡಿಲ್ಲ ಡೋರೀನ್, ನನಗೆ ಗೊತ್ತು. ಎಷ್ಟು ನಂಬಿಕೆ ಇವನಿಗೆ ಎಂದುಕೊಂಡಿದ್ದಳು. ನಂಬಿಕೆಯಲ್ಲ ಅದು. ಅವನಿಗೆ ಗೊತ್ತಿತ್ತು.

ಅವರು ನಮಗೆ ಒಳ್ಳೇದನ್ನೇ ಮಾಡಿದವರು.

"ಏನು ಪೊಲೀಸಮ್ಮ, ಇನ್ನೂ ಅಲ್ಲೇ ಕೂತಿದ್ದೀಯಾ?"

ಜೆರೋಮ್ ಬಾಗಿಲಲ್ಲಿ ನಿಂತಿದ್ದ. ಒಂದು ತೋಳಿನ ಮೇಲೆ ಅವಳ ಕೋಟು. ಇನ್ನೊಂದು ಕೈಯಲ್ಲಿ ಅದೇ ಕಾಗದದ ಲೋಟ. ಹೊರಗಿನ ಹಜಾರದಲ್ಲಿ ಹೆಜ್ಜೆಗೊಂದು ಕಸದ ಬುಟ್ಟಿ ಇದ್ದರೂ ಅವನು ಅದನ್ನು ಎಸೆದಿರಲಿಲ್ಲ. ಲೋಟದ ತಳದಲ್ಲಿ ಏನನ್ನೋ ಮುಚ್ಚಿಡುವಂತೆ ಅಂಗೈಯಿಂದ ಒತ್ತಿ ಹಿಡಿದಿದ್ದ.

"ನಡಿ ಹೋಗೋಣ. ಇವತ್ತು ಶುಕ್ರವಾರ, ಊರೆಲ್ಲ ಕರಿದ ಮೀನು ತಿನ್ನೋ ದಿನ, ಸಂಜೆ ನೀನೂ ಬಾ. ನಾನೇ ಕೊಡಿಸ್ತೀನಿ."

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲಿಗೆ ಬಂದಳು. ಕೋಟು ಇಸಿದುಕೊಂಡಳು. ಗೋಡೆಯ ಗಡಿಯಾರ ಹನ್ನೆರಡರತ್ತ ಸಾಗಿತ್ತು.

"ಆ ಲೋಟ ಕೊಡು, ಜೆರೋಮ್."

"ಖಾಲಿ ಲೋಟ ಕಣೇ. ಅದ್ಯಾಕೆ ನಿನಗೆ?"

"ಕೊಡು."

ಜೆರೋಮ್ ಕೊಡಲಿಲ್ಲ.